ಫ್ಲೆಕ್ಸಿನ ತಾಯಿ

"ಅಳೇ ಮುಂಡೆ. ಅಳಕ್ಕೂ ಹೇಳ್ಕೊಡ್ಬೇಕೇನೆ ನಿಂಗೆ?"

ತೋಟದ ಆಳು, ಲೆಕ್ಕ ನೋಡಿಕೊಳ್ಳುವ ರೈಟರ್ ನವೀನನಿಗೆ ತಾಳ್ಮೆ ಮುಗಿದಿತ್ತು. ಕಾಫಿ ಒಣಗಿಸುವ ಸಿಮೆಂಟಿನ ಕಣದ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅದರ ಮೇಲೆ ಹೊನ್ನಕ್ಕನನ್ನು ಕೂರಿಸಿದ್ದರು. ಸಾವ್ಕಾರ್ರ ಮನೆಯ ಎದುರಿಗೆ ಅವಳು ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಕೂತು ಅಭ್ಯಾಸವಿಲ್ಲದೆ ಅಂಚಿಗೆ ಸರಿದು, ಯಾರಾದರೂ ಗದರಿದರೆ ತಟ್ಟನೆ ಏಳಲು ತಯಾರಾದವಳ ಹಾಗೆ ಕೂತಿದ್ದಳು. ಬೆಳಿಗ್ಗೆಯಿಂದ ಕಾಫಿ ಗಿಡದ ಬುಡಕ್ಕೆ ಗೊಬ್ಬರ ಹಾಕುತ್ತಿದ್ದವಳನ್ನು ಹಾಗೇ ಕರೆದು ತಂದಿದ್ದರು. ಮುಖ, ಕೈ ತೊಳೆಯಲು ಬಿಟ್ಟಿದ್ದರು. ಕಾಲು ಫೋಟೊದಲ್ಲಿ ಬರುವುದಿಲ್ಲ, ತೊಳೆಯುವುದು ಬೇಡ ಎಂದಿದ್ದರು.

ಅವಳ ಕೈಗೆ ಒಂದು ಮರದ ಚೌಕಟ್ಟು ಕೊಟ್ಟಿದ್ದರು. ಗಾಜಿನ ಹಿಂದೆ ಬರೀ ಬಿಳಿ ಕಾಗದ.

"ಅದನ್ನ ಎದೆಗೆ ಒತ್ತಿ ಹಿಡ್ಕೊಳಮ್ಮ. ಮಗೂನ ಅಪ್ಕೊಂಡಂಗೆ," ಎಂದ ವಿಜಯ್. ಜಯಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡು, ಫ್ಲೆಕ್ಸೂ ಮಾಡಿಕೊಡುವವನು ಅವನು.

"ಇದ್ರಲ್ಲಿ ಎಂತದೂ ಇಲ್ವಲ್ಲ."

"ಅದು ಆಮೇಲೆ ಬರುತ್ತೆ. ನೀನು ಹಿಡ್ಕೊ."

ಹೊನ್ನಕ್ಕ ಹಿಡಿದುಕೊಂಡಳು.

ಗಡಿಯಲ್ಲಿ ಯುದ್ಧ ಶುರುವಾಗಿ ಇನ್ನೂ ವಾರವಾಗಿರಲಿಲ್ಲ. ಮನೆಮನೆಯ ಟೀವಿಯಲ್ಲೂ ಸೈರನ್ನಿನ ಸದ್ದು. ಜಯಪುರದ ನಾಲ್ಕು ಜನ ದೊಡ್ಡವರು ಕೂಡಿ 'ವೀರಯೋಧ ನಿಧಿ ಸಮಿತಿ' ಎಂದು ಮಾಡಿಕೊಂಡು ತೋಟದ ಸಾವ್ಕಾರ್ ಸುಂದರೇಶ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದರು. ನಿಧಿ ಎಂದ ಮೇಲೆ ಫ್ಲೆಕ್ಸ್ ಬೇಕು, ಫ್ಲೆಕ್ಸ್ ಎಂದ ಮೇಲೆ ಜನರ ಎದೆ ಕರಗಿಸುವಂಥ ಚಿತ್ರ ಬೇಕು. ವಿಜಯ್ ಮೊದಲು ಇಂಟರ್ನೆಟ್ಟಿನಿಂದ ಒಬ್ಬ ತಾಯಿಯನ್ನು ಇಳಿಸಿ ತಂದಿದ್ದ. ಸಮಿತಿಯವರು ಒಪ್ಪಲಿಲ್ಲ. ಯಾವುದೋ ಉತ್ತರದ ಹೆಂಗಸು, ನಮ್ಮ ಕಡೆಯವಳ ಹಾಗೆ ಕಾಣುವುದಿಲ್ಲ, ಇದಕ್ಕೆ ನಮ್ಮ ಜನ ಕೈ ಬಿಚ್ಚುವುದಿಲ್ಲ ಎಂದರು.

"ಹಂಗಾರೆ ನನ್ದೇ ಹಾಕಿ," ಎಂದು ಸುಂದರೇಶರ ಹೆಂಡತಿ ವನಜಮ್ಮ ಜಗಲಿಯಿಂದ ನಗೆಯಾಡಿದ್ದರು.

"ನಮ್ಮನೆ ಹೆಂಗಸ್ರ ಮುಖ ಬಸ್‌ಸ್ಟ್ಯಾಂಡಲ್ಲಿ ನೇತಾಕಕ್ಕೆ ಆಗುತ್ತೇನೆ? ಕಂಡೋರೆಲ್ಲ ಅದರ ಬುಡದಲ್ಲಿ ಎಲೆ ಅಡಿಕೆ ಉಗುಳ್ತಾರೆ," ಎಂದಿದ್ದರು ಸುಂದರೇಶ್. ಆಮೇಲೆ ನವೀನನನ್ನು ಕರೆದು, "ಆ ಹೊನ್ನೀನ ಕರಿ. ಮಗ ಸತ್ತೋಳು. ಮುಖದಲ್ಲಿ ಕಳೆ ಅದೆ," ಎಂದಿದ್ದರು.

ಈಗ ಆ ಮುಖದಲ್ಲಿ ಕಣ್ಣೀರು ಬರುತ್ತಿರಲಿಲ್ಲ.

"ನಿನ್ ಮಗನ್ನ ನೆನಸ್ಕೊ ಮಾರಾಯ್ತಿ," ಎಂದ ವಿಜಯ್.

"ನೆನಸ್ಕಂಡೇ ಇದೀನಿ."

"ಮತ್ತೆ?"

"ಬರಲ್ಲ."

ನವೀನ ಒಳಗೆ ಹೋಗಿ ತಲೆನೋವಿನ ಮುಲಾಮು ತಂದ. ಬೆರಳಲ್ಲಿ ಅವಳನ್ನು ಮುಟ್ಟುವ ಗೋಜು ಬೇಡವೆಂದು ಒಂದು ಬೆಂಕಿಕಡ್ಡಿಯ ತುದಿಗೆ ಅಷ್ಟು ಮೆತ್ತಿಕೊಂಡು ಅವಳ ಕಣ್ಣ ಕೆಳಗೆ ಎಳೆದ. ಕಣ್ಣು ಕೆಂಪಾಯಿತು. ಮೂಗಿನಲ್ಲಿ ನೀರಿಳಿಯಿತು. ಕಣ್ಣಲ್ಲಿ ಮಾತ್ರ ಏನೂ ಇಲ್ಲ. ಹೊನ್ನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಾಗ ವನಜಮ್ಮ "ಏ ಏ, ಸೀರೆ," ಎಂದರು. ಉಟ್ಟದ್ದು ಅವರ ಸೀರೆ. ಹಾಲುಬಣ್ಣದ ಹತ್ತಿ ಸೀರೆ, ಕೆಂಪು ಅಂಚಿನದು. ಅವಳ ಸ್ವಂತ ಸೀರೆಯ ಹೂವು ಫೋಟೊಗೆ ಸರಿಹೋಗುವುದಿಲ್ಲ ಎಂದು ವಿಜಯ್ ಹೇಳಿದ್ದಕ್ಕೆ ಕೊಟ್ಟಿದ್ದರು.

ಸುಂದರೇಶ್ ಕೈಗಡಿಯಾರ ನೋಡಿಕೊಂಡರು. "ಬಿಡ್ರೋ ಸಾಕು. ಕಣ್ಣೀರು ಕಂಪ್ಯೂಟರಲ್ಲಿ ಹಾಕಕ್ಕಾಗಲ್ವಾ?"

"ಹಾಕ್ಬೋದಣ್ಣ. ಎಷ್ಟು ಹಾಕ್ಲಿ?"

"ಎರಡು ಹನಿ ಸಾಕು. ಜಾಸ್ತಿ ಆದ್ರೆ ನಾಟಕ ಅನ್ಸುತ್ತೆ."

ವಿಜಯ್ ಫೋಟೊ ಹೊಡೆದ. ಹೊನ್ನಕ್ಕ ಗೋದಾಮಿನ ಹಿಂದೆ ಹೋಗಿ ತನ್ನ ಸೀರೆ ಸುತ್ತಿಕೊಂಡು, ಅವರದನ್ನು ಒಪ್ಪವಾಗಿ ಮಡಚಿ ತಂದು ಜಗಲಿಯ ಮೆಟ್ಟಿಲ ಮೇಲೆ ಇಟ್ಟಳು.

"ತಗಂಡೋಗು ಅತ್ಲಾಗೆ," ಎಂದರು ವನಜಮ್ಮ. "ನೀ ಉಟ್ಟಿದ್ದು ಇನ್ನು ನಾವೆಂತ ಮಾಡದು."

ಅವಳು ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತೋಟಕ್ಕೆ ಇಳಿದಳು. ಹಿಂದಿನಿಂದ ನವೀನ ಕೂಗಿ ಹೇಳಿದ. ಕೂತು ಕಳೆದ ಹೊತ್ತಿಗೆ ಕೂಲಿ ಬರುವುದಿಲ್ಲ, ಹಿಡಿದ ಸಾಲು ಮುಗಿಸಿಯೇ ಮನೆಗೆ ಹೋಗಬೇಕು.

*

ಅವಳ ಮಗ ಸಂದೇಶ ಸತ್ತದ್ದು ಹೋದ ವರ್ಷ ಮೆಣಸಿನ ಕುಯ್ಲಿನಲ್ಲಿ, ಇದೇ ತೋಟದಲ್ಲಿ.

ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಒಂದು ಮರದಿಂದ ಇನ್ನೊಂದು ಮರಕ್ಕೆ ಅಲ್ಯೂಮಿನಿಯಂ ಏಣಿಯನ್ನು ಎತ್ತಿ ಒರಗಿಸುವಾಗ ಅದರ ತುದಿ ಪಂಪ್‌ಹೌಸಿಗೆ ಎಳೆದ ತಂತಿಗೆ ತಾಗಿತು. ಗಾಳಿಗೆ ಕೊಂಬೆ ಬಿದ್ದು ಆ ತಂತಿ ಜೋತಾಡುತ್ತಿದ್ದದ್ದು ತೋಟದಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂದೇಶನೇ ಹೇಳಿದ್ದ. "ಆ ಲೈನ್ ಸ್ವಲ್ಪ ಎತ್ರಿಸಿ ರೈಟ್ರೆ," ಎಂದು. "ನೀನು ಸ್ವಲ್ಪ ಬಗ್ಗಿ ಹೋಗೋ," ಎಂದಿದ್ದ ನವೀನ.

ಹೊನ್ನಕ್ಕ ಪಕ್ಕದ ಮರದ ಬುಡದಲ್ಲಿ ಉದುರಿದ ಮೆಣಸು ಆಯುತ್ತಿದ್ದಳು. ಒಣಬಿದಿರು ಸೀಳಿದ ಹಾಗೆ ಒಂದು ಸದ್ದು. ತಲೆಯೆತ್ತಿದಾಗ ಮಗ ನೆಲದಲ್ಲಿದ್ದ. ಏಣಿ ಇನ್ನೂ ಮರಕ್ಕೆ ಒರಗಿಕೊಂಡೇ ಇತ್ತು. ಅದನ್ನು ಮುಟ್ಟಬೇಡಿ, ಮುಟ್ಟಬೇಡಿ ಎಂದು ಯಾರೋ ಕೂಗುತ್ತಿದ್ದರು.

ಸುಂದರೇಶ್ ಬಂದವರು ಮೊದಲು ಮೇನ್ ಆಫ್ ಮಾಡಿಸಿದರು. ಆಮೇಲೆ ಹೆಣ ನೋಡಿ, "ಇವುಕ್ಕೆ ಎಷ್ಟು ಹೇಳಿದ್ರೂ ಅಷ್ಟೆ, ಮೇಲೆ ನೋಡ್ಕಂಡು ಕೆಲ್ಸ ಮಾಡಲ್ಲ," ಎಂದರು. ಪೊಲೀಸಿನವರು ಬಂದಾಗ ಹುಡುಗ ಕುಡಿದಿದ್ದ ಎಂದರು. ಸಂದೇಶ ಕುಡಿಯುತ್ತಿರಲಿಲ್ಲ ಎಂದು ಹೇಳಲು ಹೊನ್ನಕ್ಕ ಬಾಯಿ ತೆರೆದಳು; ಹೇಳಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಸಾವ್ಕಾರ್ರು ಸುಡಲು ಸೌದೆ ಕೊಟ್ಟರು, ಹೆಣ ಸಾಗಿಸಲು ಪಿಕಪ್ ಕೊಟ್ಟರು. ಅಲ್ಲಿಗೆ ಮುಗಿಯಿತು.

ಕಾಲೊನಿಯ ಹೆಂಗಸರು ಅವಳ ಸುತ್ತ ಕೂತು ಕಾದರು. "ಅಳೇ ಹೊನ್ನಕ್ಕ, ಒಂದ್ಸಲ ಅತ್ಬಿಡು, ಎದೆ ಹಗುರಾಗ್ತದೆ," ಎಂದು ಪಕ್ಕದ ಮನೆಯ ಗಿರಿಜ ಬೆನ್ನು ಸವರಿದಳು. ಅಳು ಬರಲಿಲ್ಲ. ತುಂಬ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಅದು ತನ್ನದೆಂದು ಅನಿಸುವುದಿಲ್ಲವಲ್ಲ, ಮೈಯೆಲ್ಲ ಹಾಗೆ ಆಗಿತ್ತು. ಕಾಲಿನ ಜೋಮು ಬಿಡುತ್ತದೆ. ಇದು ಬಿಡಲಿಲ್ಲ. ಮಾರನೆಯ ವಾರವೇ ಕೆಲಸಕ್ಕೆ ಹೋದಳು. ಉಪ್ಪು ಹೆಚ್ಚಾದರೂ ಉಂಡಳು, ಕಡಿಮೆಯಾದರೂ ಉಂಡಳು. ಮಗಳು ನಯನ ಜಯಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ದಿನ ಹೋದವು.

*

ಫೋಟೊ ಹೊಡೆದ ಮೇಲಿನ ಭಾನುವಾರ ಮೀನು ತರಲು ಮಗಳ ಜೊತೆ ಜಯಪುರಕ್ಕೆ ಹೋದಾಗ ಹೊನ್ನಕ್ಕ ತನ್ನ ಮುಖ ನೋಡಿದಳು.

ಬಸ್‌ಸ್ಟ್ಯಾಂಡಿನ ಎದುರು, ಕೊಪ್ಪದ ರಸ್ತೆ ಸೇರುವಲ್ಲಿ ಸೀಳಿದ ಅಡಿಕೆ ಮರದ ದಬ್ಬೆಯ ಚೌಕ ಕಟ್ಟಿ ಅದಕ್ಕೆ ಫ್ಲೆಕ್ಸ್ ಬಿಗಿದಿದ್ದರು. ನಿಂತ ಬಸ್ಸಿಗಿಂತ ಎತ್ತರ. ಅವಳ ಮೂಗೇ ಒಂದು ಮೊರದಷ್ಟಿತ್ತು. ಎರಡು ಕೆನ್ನೆಯ ಮೇಲೂ ಒಂದೊಂದು ಹನಿ. ಒಂದರೊಳಗೆ ಬೆಳಕು ಮಿನುಗುವ ಹಾಗೆ ಬೇರೆ ಮಾಡಿದ್ದರು. ಎದೆಗೆ ಒತ್ತಿ ಹಿಡಿದ ಚೌಕಟ್ಟಿನಲ್ಲಿ ಮಿಲಿಟರಿ ಉಡುಪಿನ, ಬೆಳ್ಳಗಿನ, ಚಿಗುರುಮೀಸೆಯ ಹುಡುಗನೊಬ್ಬ ನಗುತ್ತಿದ್ದ. ಹೊನ್ನಕ್ಕ ಅವನನ್ನು ಹಿಂದೆ ಎಲ್ಲೂ ಕಂಡಿರಲಿಲ್ಲ.

"ಎಂತ ಬರ್ದಿದಾರೆ ಅದ್ರಲ್ಲಿ?"

ನಯನ ಓದಿದಳು. "ಈ ತಾಯಿ ಮಗನನ್ನೇ ಕೊಟ್ಟಳು. ನೀವು ಏನು ಕೊಟ್ಟಿರಿ?"

ಹೊನ್ನಕ್ಕನ ಹೊಟ್ಟೆ ಇರಬೇಕಾದ ಜಾಗದಲ್ಲಿ ದುಡ್ಡು ಕಳಿಸಲು ಸ್ಕ್ಯಾನ್ ಮಾಡುವ ಕಪ್ಪು ಬಿಳುಪಿನ ಚೌಕ. ಅದರ ಕೆಳಗೆ ಸಾಲಾಗಿ ಕೈಮುಗಿದು ನಿಂತ ಸಮಿತಿಯವರು, ನಡುವೆ ಎಲ್ಲರಿಗಿಂತ ದೊಡ್ಡದಾಗಿ ಸುಂದರೇಶ್. ಇಬ್ಬರು ಹುಡುಗಿಯರು ಫ್ಲೆಕ್ಸಿನ ಹತ್ತಿರ ನಿಂತು ಅವಳ ಹೊಟ್ಟೆಗೆ ಫೋನು ಹಿಡಿದಿದ್ದರು.

"ಕೊಪ್ಪದಲ್ಲೂ ಹಾಕಿದಾರಂತೆ ಅಮ್ಮ. ಶೃಂಗೇರೀಲೂ, ಎನ್.ಆರ್. ಪುರದಲ್ಲೂ. ಅಂಗಡಿಗೆ ಬಂದೋರೆಲ್ಲ ಅದನ್ನೇ ಮಾತಾಡ್ತಾರೆ. ವಾಟ್ಸಾಪಲ್ಲೂ ಬಂದದೆ," ಎಂದಳು ನಯನ. "ನಂಗೆ ಒಂದು ಮಾತು ಹೇಳ್ಬೇಕಾಗಿತ್ತು ನೀನು."

"ಎಂತ ಹೇಳದು. ಕೂತ್ಕೊ ಅಂದ್ರು, ಕೂತ್ಕಂಡೆ."

ಗೊತ್ತಿದ್ದವರು ನಕ್ಕರು. ಮೀನಿನವನು ಬೂತಾಯಿ ತೂಗುತ್ತ, "ಮಗ ಮಿಲಿಟ್ರಿಗೆ ಸೇರಿದ್ದು ನಮ್ಗೆ ಹೇಳ್ಳೇ ಇಲ್ವಲ್ಲ ಹೊನ್ನಕ್ಕ," ಎಂದು ಕಣ್ಣು ಮಿಟುಕಿಸಿ ಒಂದೆರಡು ಮೀನು ಹೆಚ್ಚಿಗೆ ಹಾಕಿದ. ಗೊತ್ತಿಲ್ಲದವರು ಅತ್ತರು. ಶೃಂಗೇರಿ ಬಸ್ಸಿನಿಂದ ಇಳಿದ ವಯಸ್ಸಾದ ಹೆಂಗಸೊಬ್ಬರು ಫ್ಲೆಕ್ಸನ್ನೂ ಅವಳನ್ನೂ ಒಂದೆರಡು ಸಲ ತಿರುಗಿ ತಿರುಗಿ ನೋಡಿ, ಹತ್ತಿರ ಬಂದು, ಮೀನಿನ ಚೀಲ ಹಿಡಿದ ಅವಳ ಕೈಯನ್ನೇ ಹಿಡಿದುಕೊಂಡರು. ಮೈಮೇಲೆ ಒಳ್ಳೆಯ ಸೀರೆ, ಕೊರಳಲ್ಲಿ ಎರಡೆಳೆ ಸರ. ಬೇರೆ ದಿನವಾಗಿದ್ದರೆ ಅಂಥವರು ಮೈ ತಾಗದ ಹಾಗೆ ಸೆರಗು ಎಳೆದುಕೊಂಡು ದಾಟುತ್ತಿದ್ದರು.

"ನನ್ನ ತಮ್ಮನ ಮಗನೂ ಅಲ್ಲೇ ಇದ್ದಾನೆ ಕಣಮ್ಮ," ಎಂದು ಅವರು ಬಿಕ್ಕಿದರು. "ನಿನ್ನ ಹೊಟ್ಟೆ ತಣ್ಣಗಿರಲಿ."

"ಅದು ನನ್ ಮಗ ಅಲ್ಲ ಅಮ್ಮ."

ಆ ಹೆಂಗಸು ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿದರು. "ಹೌದು ತಾಯಿ. ಅವನಿನ್ನು ನಿನ್ನೊಬ್ಬಳ ಮಗ ಅಲ್ಲ. ದೇಶದ ಮಗ."

ಬಗ್ಗಿ ಅವಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹೊನ್ನಕ್ಕ ಕಲ್ಲುಕಂಬದ ಹಾಗೆ ನಿಂತಿದ್ದಳು. ಕಾಲಿಗೆ ಯಾರದೋ ಬೆರಳು ತಾಗಿದ್ದು ತಿಳಿಯಿತು, ಅಷ್ಟೆ. ಮನೆಗೆ ಬಂದು ಮೀನು ಸೋಸಿ ಸಾರು ಮಾಡಿದಳು.

*

ಶನಿವಾರ ಬಟವಾಡೆ. ಕಣದ ಬದಿಯಲ್ಲಿ ಮೇಜು ಹಾಕಿಕೊಂಡು ನವೀನ ಕೂಲಿ ಹಂಚುತ್ತಿದ್ದ. ಪ್ರತಿಯೊಬ್ಬರಿಗೂ ಒಂದು ದಿನದ್ದು ಕಡಿಮೆ.

"ನಿಧಿಗೆ ಹಿಡ್ದಿದೀವಿ. ಸಾವ್ಕಾರ್ರು ತೋಟದ ಪರವಾಗಿ ಕೊಡ್ತಾರೆ."

ಬೈರ ಎಂಬವನು ಎಲ್ಲರಿಗಿಂತ ಹಳೆಯ ಆಳು. ಅವನು ಕೈಯಲ್ಲಿದ್ದ ನೋಟನ್ನು ಜೇಬಿಗೆ ಹಾಕದೆ ನಿಂತ. "ಸೈನ್ಯಕ್ಕೆ ಕೊಡದು ಬ್ಯಾಡ ಅನ್ನಲ್ಲ ರೈಟ್ರೆ. ಒಂದು ಮಾತು ಕೇಳಿ ಹಿಡೀಬೋದಿತ್ತು."

"ಅಲ್ಲಿ ಅವ್ರು ಪ್ರಾಣ ಕೊಡ್ತಾ ಇದಾರೆ, ನಿಂಗೆ ಒಂದಿನದ ಕೂಲಿ ಹೆಚ್ಚಾಯ್ತೇನೋ ಬೋಳಿಮಗನೆ? ಬಾಯಿ ಮುಚ್ಕಂಡು ಹೋಗು. ಹೊನ್ನೀನ ನೋಡಿ ಕಲ್ತುಕೊ. ಮಾತಾಡಿದ್ಲಾ ಅವ್ಳು?"

ಹೊನ್ನಕ್ಕನ ಸರದಿ ಬಂದಾಗ ನವೀನ ಪೂರ್ತಿ ಕೂಲಿ ಎಣಿಸಿಕೊಟ್ಟ. ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ನಿಂದು ಹಿಡಿಯಲ್ಲ. ನೀನು ಮುಖ ಕೊಟ್ಟಿದೀಯಲ್ಲ."

ಕಾಲೊನಿಗೆ ಹೋಗುವ ದಾರಿಯಲ್ಲಿ ಯಾರೂ ಅವಳ ಜೊತೆ ನಡೆಯಲಿಲ್ಲ. ಮುಂದೆ ಹೋಗುತ್ತಿದ್ದ ಗಿರಿಜ ತಿರುವಿನಲ್ಲಿ ನಿಂತು, ಇವಳು ಹತ್ತಿರ ಬರುವತನಕ ಕಾದು, ಬಾಯಲ್ಲಿದ್ದ ಎಲೆಯಡಿಕೆಯನ್ನು ದಾರಿಯ ನಡುವೆ ಉಗಿದಳು.

"ಒಳ್ಳೇ ಕೆಲ್ಸ ಮಾಡ್ದೆ ಕಣೆ. ನಿನ್ ಕಣ್ಣೀರು ತೋರ್ಸಿ ನಮ್ ಹೊಟ್ಟೆಗೆ ಹೊಡುದ್ರು. ಸ್ವಂತ ಮಗ ಸತ್ತಾಗ ಒಂದು ತೊಟ್ಟು ಬರ್ಲಿಲ್ಲ ನಿಂಗೆ. ಸಾವ್ಕಾರಂಗೆ ಅಂತ ಸುರಿಸ್ದೆ."

"ಅದು ನನ್ದಲ್ಲ ಗಿರಿಜ. ಅವ್ರೇ ಹಾಕಿದ್ದು."

"ಯಾರು ಹಾಕಿದ್ರೆ ಎಂತ. ಮುಖ ನಿಂದು ತಾನೆ."

ಗಿರಿಜ ಹೋದಳು. ಮಗ ಸತ್ತ ದಿನ ಹೊನ್ನಕ್ಕನ ಬೆನ್ನು ಸವರಿದವಳು ಅವಳೇ. ನೋವಾಗಬೇಕಿತ್ತು. ಆಗಲಿಲ್ಲ. ಆದರೆ ಮುಖ ನಿಂದು ತಾನೆ ಎಂಬ ಮಾತು ಕಿವಿಗೆ ನೀರು ಹೊಕ್ಕ ಹಾಗೆ ಒಳಗೇ ಉಳಿಯಿತು. ತಲೆ ಕೊಡವಿದರೂ ಹೋಗಲಿಲ್ಲ.

*

ಮಾರನೆಯ ಬೆಳಿಗ್ಗೆ ಅವಳು ಸಾವ್ಕಾರ್ರ ಮನೆಗೆ ಹೋದಳು. ಹಿತ್ತಿಲಿಗೆ ಸುತ್ತಿ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕಾದಳು. ಸುಂದರೇಶ್ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಅವರ ಮನಸ್ಸು ಚೆನ್ನಾಗಿದ್ದ ಹಾಗಿತ್ತು.

"ಬಾರೆ ಹೊನ್ನಿ. ನಾನೇ ಹೇಳಿಕಳಿಸ್ಬೇಕು ಅಂತಿದ್ದೆ. ನಾಳೆ ಜಯಪುರದಲ್ಲಿ ಸಮಾರಂಭ. ನಿಧಿ ಒಪ್ಪಿಸೋದು. ಮಂತ್ರಿಗಳು ಬರ್ತಾರೆ. ನಿನ್ನ ಸ್ಟೇಜಿನ ಮೇಲೆ ಕೂರಿಸ್ತೀವಿ. ವನಜ ಕೊಟ್ಟ ಸೀರೆ ಉಟ್ಕಂಡು ಬಾ. ಶಾಲು ಹೊದಿಸ್ತಾರೆ, ಕೈ ಮುಗಿ. ಮೈಕ್ ಕೊಟ್ರೆ ಬಾಯಿ ಬಿಡ್ಬೇಡ, ತಲೆ ತಗ್ಸು. ದುಃಖದಲ್ಲಿದಾಳೆ ಅಂತ ನಾವು ಹೇಳ್ತೀವಿ."

"ಯುದ್ಧ ನಿಂತದಂತಲ್ಲ ಅಯ್ಯ. ನಯನ ಹೇಳಿದ್ಲು."

"ಯುದ್ಧ ನಿಂತ್ರೆ ನಿಧಿ ನಿಲ್ಲುತ್ತೇನೆ?"

ಹೊನ್ನಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಂದ್ ಮಾತು ಕೇಳಕ್ಕೆ ಬಂದೆ."

"ಕೇಳು."

"ಆ ಚೌಕಟ್ಟಲ್ಲಿ ಯಾರೋ ಹುಡುಗನ್ನ ಹಾಕಿದೀರಿ. ಅದರ ಬದ್ಲು ನನ್ ಮಗನ್ನ ಹಾಕ್ಸಿ. ನಯನನ ಮೊಬೈಲಲ್ಲಿ ಅವನ ಫೋಟೊ ಅದೆ. ನನ್ ಕೈಲಿ ಇನ್ಯಾರದೋ ಮಗ ಬ್ಯಾಡ."

ಸುಂದರೇಶ್ ಮೊದಲು ನಕ್ಕರು. ಅವಳು ನಗದೆ ನಿಂತದ್ದು ನೋಡಿ ನಗು ನಿಲ್ಲಿಸಿದರು.

"ಏನೇ, ತಲೆಗಿಲೆ ಕೆಟ್ಟಿದೆಯಾ? ಮೆಣಸು ಕುಯ್ಯಕ್ಕೆ ಹೋಗಿ ಸತ್ತೋನ ಮುಖ ನೋಡಿ ಯಾವನು ದುಡ್ಡು ಬಿಚ್ತಾನೆ?"

"ಹಂಗಾರೆ ನನ್ ಮುಖಾನೂ ತೆಗ್ಸಿಬಿಡಿ."

ಸುಂದರೇಶ್ ಲೋಟವನ್ನು ಕಲ್ಲಿನ ಮೇಲೆ ಕುಕ್ಕಿದ ಸದ್ದಿಗೆ ವನಜಮ್ಮ ಒಳಗಿನಿಂದ ಇಣುಕಿದರು.

"ನಿನ್ನ ಮಗ ಸತ್ತಾಗ ಈ ಊರಲ್ಲಿ ಒಂದು ನಾಯಿ ಬೊಗಳಿತ್ತೇನೆ? ಯಾವನಾದ್ರೂ ತಿರುಗಿ ನೋಡಿದ್ನಾ ನಿನ್ನ? ಈಗ ಮೂರು ತಾಲೂಕಿನ ಜನ ನಿನ್ನ ಮುಖಕ್ಕೆ ಕೈ ಮುಗೀತಾರೆ. ಎಂಥೆಂಥೋರು ನಿನ್ನ ಕಾಲು ಹಿಡೀತಾರೆ. ಇದೆಲ್ಲ ಯಾರಿಂದ?" ಎಂದರು ಸುಂದರೇಶ್.

"ನಿಮ್ಮಿಂದ ಅಯ್ಯ."

"ಹಾಂ. ಅದು ನೆನಪಲ್ಲಿರ್ಲಿ." ಅವರು ಒಳಗೆ ತಿರುಗಿದವರು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. "ಮನೆ ಇರೋ ಜಾಗ ಯಾರ್ದು ಅನ್ನೋದೂ ನೆನಪಲ್ಲಿರ್ಲಿ. ನಾಳೆ ನವೀನ ಜೀಪು ತರ್ತಾನೆ. ರೆಡಿಯಾಗಿರು."

*

ಸೋಮವಾರ ನವೀನ ಜೀಪು ತಂದಾಗ ಹೊನ್ನಕ್ಕನ ಮನೆಗೆ ಬೀಗ ಬಿದ್ದಿತ್ತು.

ಅವಳು ನಯನ ಅಂಗಡಿಗೆ ಹೋಗುವ ಬಸ್ಸಿನಲ್ಲೇ ಜಯಪುರಕ್ಕೆ ಹೋಗಿದ್ದಳು. ದಿನಾ ತೋಟಕ್ಕೆ ಹೋಗುವಾಗಿನ ಹಾಗೆ ಹೂವಿನ ಸೀರೆ, ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ಯಾಕೆ ಬರುತ್ತಿದ್ದೀ ಎಂದು ನಯನ ಕೇಳಿದ್ದಕ್ಕೆ ಸುಮ್ಮನೆ ಎಂದಳು. ಮಗಳು ಅಂಗಡಿಗೆ ಹೋದ ಮೇಲೆ ರಸ್ತೆ ದಾಟಿ, ಫ್ಲೆಕ್ಸಿನ ಬುಡಕ್ಕೆ ಹೋಗಿ, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಮೇಲೆ ಅವಳದೇ ಗದ್ದ. ಕಾಲು ಚಾಚಿಕೊಂಡಳು. ಮುಂದೆ ಏನು ಮಾಡಬೇಕೆಂದು ಅವಳೇನೂ ಯೋಚಿಸಿರಲಿಲ್ಲ. ಕೂತಳು, ಅಷ್ಟೆ.

ಸಮಾರಂಭಕ್ಕೆ ಊರೂರಿನಿಂದ ಜನ ಇಳಿಯುತ್ತಿದ್ದರು. ಒಂದೇ ಬಣ್ಣದ ಸೀರೆ ಉಟ್ಟ ಸಂಘದ ಹೆಂಗಸರ ಗುಂಪೊಂದು ಮೇಲೆ ನೋಡಿತು, ಕೆಳಗೆ ನೋಡಿತು, ನಿಂತಿತು.

"ಅಯ್ಯೋ, ಇವ್ರೇ ಕಣ್ರೆ."

"ಯಾಕಮ್ಮ ಇಲ್ಲಿ ಕೂತಿದೀರಿ? ಸ್ಟೇಜು ಅಲ್ಲಿದೆ."

"ನನ್ ಮುಖ ಇಲ್ಲಿ ಅದೆ. ಅದಕ್ಕೆ ಇಲ್ಲಿ ಕೂತಿದೀನಿ."

ಅವರಲ್ಲೊಬ್ಬಳು ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು. "ಮಗ ಎಲ್ಲಿ ತೀರ್ಕೊಂಡಿದ್ದು ಅಮ್ಮ? ಕಾಶ್ಮೀರದಲ್ಲಾ?"

"ಸುಂದರೇಶಯ್ಯನ ತೋಟದಲ್ಲಿ."

"ಆಂ?"

"ಮೆಣಸು ಕುಯ್ಯಕ್ಕೆ ಹೋಗಿದ್ದ. ಏಣಿ ಕರೆಂಟಿಗೆ ತಾಗ್ತು. ತಂತಿ ಜೋತಾಡ್ತಿತ್ತು. ಹೇಳಿದ್ದ, ಅವ್ರು ಎತ್ರಿಸ್ಲಿಲ್ಲ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಅಂಗಡಿಯಲ್ಲಿ ಬೆಲ್ಲ ಎಷ್ಟೆಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮತ್ತೆ ಆ ಫೋಟೊದಲ್ಲಿರೋ ಹುಡುಗ?"

"ಯಾರ ಮಗನೋ ಗೊತ್ತಿಲ್ಲ. ಬದ್ಕಿರ್ಲಿ ಪಾಪ."

ಕೇಳಿದವರಿಗೆಲ್ಲ ಅವಳು ಇಷ್ಟೇ ಹೇಳಿದಳು. ಮತ್ತೊಬ್ಬರು ಕೇಳಿದರು, ಮತ್ತೆ ಇಷ್ಟೇ ಹೇಳಿದಳು. ಕೆಲವರು ನಂಬಲಿಲ್ಲ. ದುಃಖಕ್ಕೆ ತಲೆ ಕೆಟ್ಟಿದೆ ಎಂದರು. ಒಬ್ಬ ಮುದುಕ ಅವಳ ಮುಂದೆ ಹತ್ತು ರೂಪಾಯಿಯ ನೋಟು ಹಾಕಿ ಹೋದ, ಅದು ಗಾಳಿಗೆ ಹಾರಿಹೋಯಿತು. ಕಾಲೇಜು ಹುಡುಗರು ಫೋನು ಹಿಡಿದು ಸುತ್ತ ನಿಂತರು. ಅಂಗಡಿಯಿಂದ ಓಡಿ ಬಂದ ನಯನ "ಅಮ್ಮ, ಏಳು, ಬೇಡ," ಎಂದು ತೋಳು ಹಿಡಿದೆಳೆದಳು. ಏಳಲಿಲ್ಲ. ನಯನ ಪಕ್ಕದಲ್ಲಿ ನಿಂತು ಅಳತೊಡಗಿದಳು.

ಪೇದೆಯೊಬ್ಬ ಬಂದು ಲಾಠಿಯಿಂದ ನೆಲ ಕುಟ್ಟಿದ. "ಏಳಮ್ಮ ಮೇಲೆ. ಮಿನಿಸ್ಟ್ರು ಬರೋ ಹೊತ್ತು."

"ಬರ್ಲಿ."

ಅಷ್ಟರಲ್ಲಿ ನವೀನ ಜೀಪಿನಿಂದ ಹಾರಿ ಬಂದ. ಮುಖ ಕಪ್ಪಿಟ್ಟಿತ್ತು. "ಏಳೆ ಸೂಳೆ, ಮಾನ ತೆಗೀತಿದೀಯ," ಎಂದು ರಟ್ಟೆಗೆ ಕೈ ಹಾಕಿದ.

"ಏಯ್, ಕೈ ತೆಗಿ," ಎಂದು ಗುಂಪಿನಿಂದ ಯಾರೋ ಕೂಗಿದರು. "ಯೋಧನ ತಾಯಿ ಮೈ ಮುಟ್ತೀಯೇನೋ ಲೋಫರ್." ಫೋನುಗಳೆಲ್ಲ ನವೀನನ ಕಡೆ ತಿರುಗಿದವು. ಅವನು ಕೈ ತೆಗೆದ. ಪೇದೆಯೂ ಎರಡು ಹೆಜ್ಜೆ ಹಿಂದೆ ಸರಿದು ಟೋಪಿ ಸರಿಮಾಡಿಕೊಂಡ.

ನವೀನ ಬದಿಗೆ ಹೋಗಿ ಸುಂದರೇಶರಿಗೆ ಫೋನು ಮಾಡಿದ. ಅವರು ಆಗಲೇ ಸ್ಟೇಜಿನ ಹತ್ತಿರ ಹಾರ ತುರಾಯಿಗಳ ಏರ್ಪಾಟಿನಲ್ಲಿದ್ದರು. ಅವರ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು.

"ಅವಳನ್ನ ಮುಟ್ಬೇಡಿ. ಫ್ಲೆಕ್ಸ್ ಇಳಿಸಿ. ಫ್ಲೆಕ್ಸ್ ಇಲ್ದಿದ್ರೆ ಅವಳು ಯಾವಳೋ? ರೋಡಲ್ಲಿ ಕೂತ ಕೂಲಿ ಹೆಂಗ್ಸು. ಆಮೇಲೆ ಎತ್ತಿ ಜೀಪಿಗೆ ಹಾಕಿ."

ವಿಜಯ್‌ನನ್ನು ಕರೆಸಿದರು. ಅವನು ಬಂದು ಹೊನ್ನಕ್ಕನ ಮುಖ ನೋಡಲಿಲ್ಲ. ದಬ್ಬೆ ಹಿಡಿದು ಮೇಲೆ ಹತ್ತಿ ಒಂದು ಬದಿಯ ಹಗ್ಗ ಕೊಯ್ದ, ಇಳಿದು ಬಂದು ಇನ್ನೊಂದು ಬದಿಗೆ ಹತ್ತಿದ. "ಸರ್ಕೊಳಮ್ಮ, ಮೈಮೇಲೆ ಬೀಳುತ್ತೆ," ಎಂದ ಮೇಲಿನಿಂದ.

ಅವಳು ಸರಿಯಲಿಲ್ಲ.

ಅದೇ ಹೊತ್ತಿಗೆ ತೋಟದ ಪಿಕಪ್ ಬಂತು. ಸಮಾರಂಭದ ಕುರ್ಚಿ ತುಂಬಿಸಲು ಕಾಲೊನಿಯ ಜನರನ್ನೆಲ್ಲ ಹೇರಿಕೊಂಡು ಬಂದಿದ್ದರು. ಬೈರ ಇಳಿದ, ಗಿರಿಜ ಇಳಿದಳು. ಗುಂಪು ಯಾಕೆಂದು ಇಣುಕಿದಳು. ಹೊನ್ನಕ್ಕನನ್ನು ಕಂಡಳು.

ಒಬ್ಬ ಹುಡುಗ ಫೋನನ್ನು ಹೊನ್ನಕ್ಕನ ಮುಖದ ಹತ್ತಿರ ತಂದು ಇನ್ನೊಂದು ಸಲ ಕೇಳುತ್ತಿದ್ದ. "ನಿಮ್ಮ ಮಗನ ಹೆಸರೇನಮ್ಮ?"

"ಸಂದೇಶ."

ಮೇಲಿನ ಹಗ್ಗ ಕಡಿಯಿತು. ಫ್ಲೆಕ್ಸ್ ಒಮ್ಮೆ ಗಾಳಿಗೆ ಉಬ್ಬಿ, ಅದರ ಬುಡ ಅವಳ ತಲೆಯ ಮೇಲಿಂದ ರಸ್ತೆಗೆ ಹಾರಿ, ಚಿತ್ರ ಮೇಲಾಗಿ ಅವಳ ಮೇಲೆ ಬಿತ್ತು. ಜನ ಹೋ ಎಂದು ಹಿಂದೆ ಸರಿದರು. ಅರ್ಧ ರಸ್ತೆಯ ತನಕ ಹರಡಿಕೊಂಡು ಆ ದೊಡ್ಡ ಮುಖ ಆಕಾಶ ನೋಡುತ್ತ ಬಿದ್ದಿತ್ತು. ಹಣೆಯ ಕೆಳಗೆ ಒಂದು ಕಡೆ ಮಾತ್ರ ಉಬ್ಬಿಕೊಂಡಿತ್ತು, ಅವಳ ತಲೆ ಇರುವಲ್ಲಿ. ಉಬ್ಬು ಅಲುಗಾಡಲಿಲ್ಲ. ಎದ್ದು ಬರುವ ಹಾಗೆ ಕಾಣಲಿಲ್ಲ.

ನಯನ ಒಂದು ಮೂಲೆ ಎತ್ತಲು ಬಗ್ಗಿದಳು. ಒಳಗಿನಿಂದ ದನಿ ಬಂತು. "ಇರ್ಲಿ ಬಿಡು ಮಗ. ನೆಳ್ಳಾಗದೆ."

ಕೊಪ್ಪದ ಕಡೆಯ ತಿರುವಿನಲ್ಲಿ ಬೆಂಗಾವಲು ಜೀಪಿನ ಸೈರನ್ ಕೇಳಿಸಿತು. ಫ್ಲೆಕ್ಸ್ ಎಳೆಯಿರೋ ಎಂದು ಪೇದೆ ಕೂಗಿದ. ಎಳೆದರೆ ಕೆಳಗಿದ್ದವಳೂ ಎಳೆದುಕೊಂಡು ಬರುತ್ತಾಳೆ; ನವೀನ ಅಂಚು ಹಿಡಿದವನು ಸುತ್ತಲಿನ ಫೋನುಗಳನ್ನು ನೋಡಿ ಹಾಗೇ ನಿಂತ.

ಗಿರಿಜ ಗುಂಪನ್ನು ಬಿಡಿಸಿಕೊಂಡು ಮುಂದೆ ಬಂದಳು. ಸಂದೇಶನ ಹೆಸರು ಅವಳಿಗೂ ಕೇಳಿಸಿತ್ತು. ನವೀನನ ಕೈಯಲ್ಲಿದ್ದ ಅಂಚನ್ನೇ ಕಿತ್ತುಕೊಂಡು, ಎತ್ತಿ, ಬಗ್ಗಿ ಒಳಗೆ ನುಸುಳಿದಳು. ಅವಳನ್ನು ಹೊರಗೆ ಕರೆದು ತರುತ್ತಾಳೆಂದು ಎಲ್ಲರೂ ಕಾದರು.

ಯಾರೂ ಹೊರಗೆ ಬರಲಿಲ್ಲ. ಸೈರನ್ ಹತ್ತಿರವಾಗುತ್ತಿತ್ತು. ಫ್ಲೆಕ್ಸಿನ ಕೆಳಗೆ ಈಗ ಎರಡು ತಲೆಗಳು ಉಬ್ಬಿಕೊಂಡಿದ್ದವು. ಬೈರ ಪಿಕಪ್ಪಿನ ಹತ್ತಿರ ನಿಂತು, ತಾನೂ ಒಳಗೆ ನುಸುಳಲು ಹೊರಟವನ ಹಾಗೆ, ಕಾಲಿನ ಚಪ್ಪಲಿ ಕಳಚುತ್ತಿದ್ದ.